ಎಡಬಲವಿಲ್ಲದ ಪುಸ್ತಕ

ಸೊಸೆ ತನ್ನ ಆಫೀಸಿನ ಗೆಳತಿಯಿಂದ ಆ ಇ-ಬುಕ್ ರೀಡರನ್ನು ಎರವಲು ತಂದು ನನ್ನ ಕೆಲಸದ ಮೇಜಿನ ಮೇಲಿಟ್ಟಾಗ ನಾನು ಮೊದಲು ಹುಡುಕಿದ್ದು ಅದರ ಸ್ಕ್ರೂಗಳನ್ನು. ಬೀಗ ರಿಪೇರಿಯಲ್ಲೇ ತಲೆ ನರೆತವನಿಗೆ ಯಾವ ವಸ್ತು ಕೈಗೆ ಬಂದರೂ ಅದು ಎಲ್ಲಿ ತೆರೆದುಕೊಳ್ಳುತ್ತದೆ ಎಂಬುದೇ ಯೋಚನೆ. ಇದಕ್ಕೆ ಸ್ಕ್ರೂ ಇಲ್ಲ, ಕೀಲಿಲ್ಲ, ಉಗುರು ತೂರಿಸಲು ಸಂದಿಯೂ ಇಲ್ಲ. ಸ್ಲೇಟಿನಂಥ ಮುಖ, ಬಿಸ್ಕತ್ತಿನಷ್ಟು ದಪ್ಪ.

“ಇದರೊಳಗೆ ಸಾವಿರ ಪುಸ್ತಕ ಹಿಡಿಯತ್ತೆ ಮಾವ.”

“ಸಾವಿರ ತುಂಬಿದ ಮೇಲೆ ತೂಕ ಎಷ್ಟಾಗತ್ತೆ?”

“ಇಷ್ಟೇ.”

“ಖಾಲಿ ಇದ್ರೂ ಇಷ್ಟೇ, ತುಂಬಿದ್ರೂ ಇಷ್ಟೇನಾ? ನಿನ್ನ ಗಂಡನ ತಲೆ ಇದ್ದ ಹಾಗೆ ಬಿಡು.”

ಅವಳು ನಕ್ಕಳು. ಆದರೆ ಅವಳು ಅದನ್ನು ತಂದದ್ದು ನನ್ನ ಕಣ್ಣಿನ ಸಲುವಾಗಿ. ಕಣ್ಣಿನ ನಡುಭಾಗ ಸವೆದಿದೆ, ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿ ಆಗಿತ್ತು. ಬೀಗಕ್ಕೆ ಬೆರಳಿದ್ದರೆ ಸಾಕು, ಓದಿಗೆ ಸಾಲದು. ನಾನು ದಿನವೂ ಓದುವ ಭಕ್ತರ ಕಥೆಗಳ ಪುಸ್ತಕದಲ್ಲಿ ಅಕ್ಷರಗಳು ಇರುವೆಗಳಂತೆ ಹರಿದಾಡತೊಡಗಿದ್ದವು. ಇದರಲ್ಲಿ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದಂತೆ. ನಮ್ಮ ಪುಸ್ತಕವೂ ಹೇಗೋ ಅದರೊಳಗೆ ಸಿಕ್ಕಿತ್ತು. “ನಾಳೆ ಸಂಜೆ ತನಕ ಓದಿ ನೋಡಿ. ಹಿಡಿಸಿದ್ರೆ ನಿಮಗೇ ಒಂದು ಕೊಳ್ಳೋಣ,” ಎಂದು ಹೇಳಿ ಅವಳು ಕೆಲಸಕ್ಕೆ ಹೋದಳು.

ನನಗೆ ಅಡ್ಡಿಯಾದದ್ದು ಬೇರೆಯೇ ಸಂಗತಿ. ಮದುವೆಯಾದ ಹೊಸದರಲ್ಲಿ ನಾನೂ ನನ್ನ ಹೆಂಡತಿಯೂ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಬೆಳಿಗ್ಗೆ ಕೆಲಸಕ್ಕೆ ಕೂರುವ ಮುಂಚೆ ಪುಸ್ತಕ ತೆರೆಯಬೇಕು. ಎಡಗಡೆಯ ಪುಟ ನಾನು ಗಟ್ಟಿಯಾಗಿ ಓದಬೇಕು, ಬಲಗಡೆಯದನ್ನು ಅವಳು. ಒಬ್ಬರು ಓದುವಾಗ ಇನ್ನೊಬ್ಬರು ಕಣ್ಣು ಮುಚ್ಚಿ ಕೇಳಬೇಕು. ವಾಕ್ಯ ನಡುವೆ ತುಂಡಾದರೂ ಸರಿ, ಪುಟ ಮುಗಿದಲ್ಲಿ ನಿಲ್ಲಿಸಬೇಕು. ಪುಸ್ತಕ ಮುಗಿದರೆ ಮತ್ತೆ ಮೊದಲಿನಿಂದ. ಹೀಗೆ ಒಂದೇ ಪುಸ್ತಕದಲ್ಲಿ ಎಡಗಡೆ ಎಲ್ಲ ನನ್ನದಾಯಿತು, ಬಲಗಡೆ ಎಲ್ಲ ಅವಳದಾಯಿತು. ಅವಳ ಪುಟವನ್ನು ನಾನು ಕಿವಿಯಿಂದ ಬಲ್ಲೆ, ಕಣ್ಣಿನಿಂದ ಅರಿಯೆ.

ಹೆಂಡತಿ ತೀರಿಕೊಂಡ ಮೇಲೂ ನಾನು ಅವಳ ಪುಟ ಮುಟ್ಟಲಿಲ್ಲ. ನನ್ನ ಪಾಲು ಓದಿ, ಬಲಗಡೆಗೆ ಬಂದಾಗ ಕಣ್ಣು ಮುಚ್ಚಿ, ಅವಳು ಓದಿ ಮುಗಿಸುವಷ್ಟು ಹೊತ್ತು ಸುಮ್ಮನಿರುತ್ತಿದ್ದೆ. ಕೆಲವು ದಿನ ಅವಳ ದನಿ ಕೇಳಿಸುತ್ತಿತ್ತು. ಕೆಲವು ದಿನ ಬೀದಿಯ ಹಾರನ್ ಸದ್ದು ಮಾತ್ರ.

ಈ ಯಂತ್ರದಲ್ಲಿ ಎಡವಿಲ್ಲ, ಬಲವಿಲ್ಲ. ಒಂದೇ ಮುಖ. ಅಕ್ಷರ ದೊಡ್ಡದು ಮಾಡಿದರೆ ಏಳೆಂಟು ಸಾಲಿಗೇ ಪುಟ ಮುಗಿಯುತ್ತದೆ, ಚಿಕ್ಕದು ಮಾಡಿದರೆ ಮುಂದಿನದೂ ಬಂದು ಸೇರುತ್ತದೆ. ನಾನು ಹತ್ತಾರು ಸಲ ಹಿಗ್ಗಿಸಿ ಕುಗ್ಗಿಸಿ ನೋಡಿದೆ. ಅವಳ ಪುಟ ಎಲ್ಲಿ ಶುರುವಾಗುತ್ತದೆ ಎಂಬ ಗುರುತೇ ಇಲ್ಲ. ಇದನ್ನು ಕೊಂಡರೆ ಅವಳ ಜಾಗ ಹೋಗುತ್ತದೆ, ಕೊಳ್ಳದಿದ್ದರೆ ಓದೇ ಹೋಗುತ್ತದೆ. ದೇವರೇ, ಇದೆಂಥ ಇಕ್ಕಟ್ಟು ತಂದಿಟ್ಟೆ ಎಂದು ಕೂತಿದ್ದೆ.

ಮಾರನೆಯ ದಿನ ಮಧ್ಯಾಹ್ನ ನಾದಿನಿ ಬಂದಳು. ನನ್ನ ಹೆಂಡತಿಯ ತಂಗಿ ಇವಳು, ಮಾತಿನಲ್ಲಿ ಮೆಣಸಿನಕಾಯಿ.

“ಏನು ಭಾವ, ಅಕ್ಕನ ಪುಸ್ತಕ ಮೂಲೆಗೆ ತಳ್ಳಿ ಈ ಹಲಗೆ ಮುಂದೆ ಕೂತಿದ್ದೀರಿ?”

“ಇನ್ನೂ ತಳ್ಳಿಲ್ಲ. ತಳ್ಳಬೇಕೋ ಬೇಡ್ವೋ ಅಂತಾನೇ ಕೂತಿರೋದು.” ನನ್ನ ಕಷ್ಟ ಹೇಳಿದೆ.

“ಅಯ್ಯೋ, ಅಷ್ಟಕ್ಕೆ ಹೀಗೆ ಮುಖ ಸಪ್ಪಗೆ ಮಾಡ್ಕೋಬೇಕಾ? ಹಳೆ ಪುಸ್ತಕ ನನ್ನ ಕೈಗೆ ಕೊಡಿ. ನೀವು ಅದರಲ್ಲಿ ಓದಿ, ನಾನು ಇದರಲ್ಲಿ ಬೆರಳಿಟ್ಟು ಬರ್ತೀನಿ. ನಿಮ್ಮ ಪುಟ ಮುಗಿದ ತಕ್ಷಣ ನಿಲ್ಸಿ ಅಂತೀನಿ.”

ಅಂಬಿಗನ ಕಥೆ ಬಂದಿತ್ತು. ಎಷ್ಟೋ ತಿಂಗಳ ಮೇಲೆ ಅಕ್ಷರಗಳು ಕದಲದೆ ನಿಂತಿದ್ದವು. ನನಗೆ ಹುರುಪು ಬಂದು ಓದುತ್ತಾ ಹೋದೆ. ಬಡ ಭಕ್ತನೊಬ್ಬ ಹೊಳೆ ದಾಟಬೇಕು, ಕೈಯಲ್ಲಿ ಕಾಸಿಲ್ಲ, ಅಂಬಿಗ ಅವನನ್ನು ದೋಣಿಗೆ ಹತ್ತಿಸಿಕೊಳ್ಳುತ್ತಾನೆ. ದೋಣಿ ನಡುಹೊಳೆಗೆ ಬಂತು. “ಅಂದು ಬೆಳಗಿನ ಜಾವ ಅಂಬಿಗನ ಹೆಂಡತಿ ತೀರಿಕೊಂಡಿದ್ದಳು. ಆಚೆ ದಡದಲ್ಲಿ ಯಾರೋ ಕೂಗಿದ್ದು ಕೇಳಿ, ಕಾದವರನ್ನು ಕಾಯಿಸಬಾರದೆಂದು ಅವನು ದೋಣಿ ಬಿಟ್ಟಿದ್ದನು,” ಎಂದು ಓದಿ ತಟ್ಟನೆ ನಿಂತೆ.

“ಇದೆಲ್ಲಿಂದ ಬಂತು? ಇದು ನಮ್ಮ ಪುಸ್ತಕದಲ್ಲಿಲ್ಲ. ಯಂತ್ರ ತಾನೇ ಸೇರಿಸಿದೆ!”

ನಾದಿನಿ ಬೆರಳು ನೋಡಿಕೊಂಡಳು. “ಅಯ್ಯೋ ಭಾವ, ಕೇಳ್ತಾ ಕೇಳ್ತಾ ನಿಲ್ಸೋದೇ ಮರೆತೆ. ಅಕ್ಕನ ಪುಟಕ್ಕೆ ಬಂದುಬಿಟ್ರಿ. ಇಲ್ಲೂ ಇದೆಯಲ್ಲ ಈ ಮಾತು.”

“ಇರೋಕೆ ಸಾಧ್ಯವೇ ಇಲ್ಲ. ನಾನು ಎಷ್ಟು ಸಲ ಕೇಳಿದ್ದೀನಿ!”

ಅವಳು ಹಳೆಯ ಪುಸ್ತಕವನ್ನು ನನ್ನ ಮುಂದೆ ಹಿಡಿದಳು. ಬೀಗದ ಕೈಯ ಹಲ್ಲು ನೋಡುವ ಭೂತಗನ್ನಡಿ ಇಟ್ಟು ಒಂದೊಂದೇ ಅಕ್ಷರ ಕೂಡಿಸಿದೆ. ಬಲಗಡೆಯ ಪುಟದಲ್ಲಿ ಆ ಎರಡು ವಾಕ್ಯಗಳು ಅಚ್ಚಾಗಿ ಕೂತಿದ್ದವು.

ಹೆಂಡತಿಯ ಬಾಯಲ್ಲಿ ಈ ಕಥೆ ಬೇರೆ ಥರ ಇತ್ತು. ದೋಣಿ ದಡ ಸೇರುತ್ತದೆ, ಭಕ್ತ ಕೈ ಮುಗಿಯುತ್ತಾನೆ, ಅಂಬಿಗ ಅಳುತ್ತಾನೆ. ಯಾಕೆ ಅಳುತ್ತಾನೆ ಎಂಬುದು ನನಗೆ ಎಂದೂ ತಿಳಿಯುತ್ತಿರಲಿಲ್ಲ. ಕಥೆ ಬಂದಾಗಲೆಲ್ಲ ಕೇಳುತ್ತಿದ್ದೆ. “ಭಕ್ತಿ ಉಕ್ಕಿ ಅಳ್ತಾನೆ, ಇನ್ಯಾಕೆ? ನಿಮಗೆ ಎಲ್ಲದಕ್ಕೂ ಬೀಗದ ಕೈ ಬೇಕು,” ಎಂದು ಅವಳು ಪುಸ್ತಕ ಮುಚ್ಚುತ್ತಿದ್ದಳು.

“ಹಾರಿಸಿದ್ದಾಳೆ,” ಎಂದೆ. “ಪ್ರತಿ ಸಲವೂ.”

“ಓದೋಕಾಗಿರಲ್ಲ ಭಾವ.”

“ಇಷ್ಟು ವರ್ಷವೂ?”

“ವರ್ಷ ಆದಷ್ಟೂ ಇನ್ನೂ ಆಗಿರಲ್ಲ.”

ನಾನು ಕಣ್ಣು ಮುಚ್ಚಿ ಅವಳಿಗಾಗಿ ಬಿಟ್ಟಿದ್ದ ಹೊತ್ತಿನಲ್ಲಿ ಈ ಮಾತುಗಳು ಪಕ್ಕದಲ್ಲೇ ಇದ್ದವಲ್ಲ ಎನಿಸಿತು. ದುಃಖವೇನೋ ಆಯಿತು, ಅದಕ್ಕಿಂತ ಹೆಚ್ಚಾಗಿ, ಇನ್ನೇನೇನು ಬಚ್ಚಿಟ್ಟಿದ್ದಾಳೆ ಎಂದು ಮನಸ್ಸು ಒಳಗೊಳಗೇ ಕುಣಿಯತೊಡಗಿತು. ಅವಳ ಕಡೆಯ ಅರ್ಧವನ್ನು ನಾನು ಓದಿಯೇ ಇಲ್ಲ!

ಸೊಸೆ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಲೇ ಕೇಳಿದಳು. “ಏನು ತೀರ್ಮಾನ ಮಾಡಿದ್ರಿ ಮಾವ?”

“ಇದನ್ನ ನಿನ್ನ ಗೆಳತಿಗೆ ಕೊಟ್ಬಿಡು. ನನಗೊಂದು ತರಿಸು, ಬೇಗ.”

“ಕೇಳಮ್ಮ ಅವಸರಾನ! ಮಧ್ಯಾಹ್ನ ಬೇಕೋ ಬೇಡ್ವೋ ಅಂತಿದ್ರು,” ಎಂದಳು ನಾದಿನಿ. ಅವಳು ಆಗಲೇ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡಿದ್ದಳು. “ಗೆಳತಿ ಕೈಗೆ ಹೋಗೋ ಮುಂಚೆ ಇನ್ನೊಂದು ಕಥೆ ಓದಿ ಭಾವ. ಅಕ್ಕ ಏನೇನು ನುಂಗಿದ್ದಾಳೋ ನೋಡೇ ಬಿಡೋಣ.”

ನಿಲ್ಲಿಸಿ ಎನ್ನುವವರಿಲ್ಲದೆ ಓದಿದೆ. ಮುಂದಿನ ಕಥೆಯಲ್ಲಿ ರಾಜನ ಆನೆಗಳ ವರ್ಣನೆ ಮುಗಿಯುವಂತೆಯೇ ಕಾಣಲಿಲ್ಲ: ದಂತ, ಗಂಟೆ, ಬೆನ್ನಿಗೆ ಹೊದಿಸಿದ ಜೂಲು, ಮಾವುತನ ಪೇಟ. ಅದರಲ್ಲಿ ಒಂದು ಆನೆಯ ಬಗ್ಗೆಯೂ ನಾನು ಹಿಂದೆ ಕೇಳಿರಲಿಲ್ಲ.

“ಇದಕ್ಕೆ ಮಾತ್ರ ಅಳಬೇಡಿ,” ಎಂದಳು ನಾದಿನಿ. “ಇದು ಶುದ್ಧ ಸೋಮಾರಿತನ.”