ಮೂರನೇ ಕೂಗಿನವರೆಗೆ

ಸೋಮವಾರಕ್ಕೆ ಅಕ್ಕನ ಹೆರಿಗೆ ರಜೆ ಮುಗಿಯುತ್ತಿತ್ತು. ಮಣಿಪಾಲದ ಲ್ಯಾಬೊಂದರಲ್ಲಿ ಅವಳಿಗೆ ರಕ್ತಪರೀಕ್ಷೆಯ ಕೆಲಸ. ಅವಳಿಗೆ ಬಲು ಇಷ್ಟದ ಆ ಕೆಲಸವನ್ನು ಬಿಡುತ್ತೇನೆಂದು ಮೊಬೈಲಿನಲ್ಲಿ ಪತ್ರ ಬರೆದಿಟ್ಟಿದ್ದಳು, ಕಳುಹಿಸುವುದೊಂದು ಬಾಕಿ. ಕಾರಣ, ಅವಳ ಆರು ತಿಂಗಳ ಮಗ ಕಿಟ್ಟ. ಹಗಲಲ್ಲಿ ಅವನು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಮಲಗಿದ್ದೇ ಇಲ್ಲ. ಆಮೇಲೆ ಸಂಜೆಯವರೆಗೂ ರಾಗ.

"ಇವನನ್ನು ಬಿಟ್ಟು ನಾನು ಬಸ್ಸು ಹತ್ತಿದರೆ ಅಮ್ಮನ ಗತಿ ಎಂತ?" ಎಂದು ಸೌಮ್ಯಶ್ರೀ ಅಕ್ಕ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದಳು.

ಡಿಗ್ರಿ ಮುಗಿಸಿ ಕಾಪುವಿನ ಮನೆಯಲ್ಲೇ ಇದ್ದ ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಕೇಳಿದರೂ ನಾನು ಉತ್ತರ ಹುಡುಕುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುತ್ತಿತ್ತು. ಹಾಗಾಗಿ ಡೈರಿಯಲ್ಲಿ ಬರೆಯುತ್ತಿದ್ದೆ. ಹಸಿವಿನ ಅಳು ಸಣ್ಣಗೆ ಶುರುವಾಗಿ ಏರುತ್ತದೆ, ಕೈ ಬಾಯಿಗೆ ಹೋಗುತ್ತದೆ. ಹೊಟ್ಟೆನೋವಿನದು ಒಮ್ಮೆಲೇ ಚೀರು, ಕಾಲು ಮಡಚುತ್ತಾನೆ. ನಿದ್ದೆ ಬಂದಾಗ ಕಿವಿ ಉಜ್ಜಿಕೊಂಡು ಮೂಗಿನಲ್ಲೇ ಅಳುತ್ತಾನೆ.

ನಾಲ್ಕನೆಯದು ಸಿಕ್ಕಿದ್ದು ನನ್ನ ಹಿಂಜರಿಕೆಯಿಂದ. ಅಮ್ಮ ಸ್ನಾನಕ್ಕೆ ಹೋಗಿದ್ದಳು, ಅಕ್ಕ ಅಂಗಡಿಗೆ. ತೊಟ್ಟಿಲಿನಲ್ಲಿ ಕಿಟ್ಟ "ಕುಂಯ್" ಎಂದ. ಎತ್ತಲೇ, ಬೇಡವೇ ಎಂದು ಯೋಚಿಸುತ್ತಾ ನಿಂತೆ. ಮತ್ತೊಮ್ಮೆ "ಕುಂಯ್" ಎಂದ. ಬಗ್ಗಿ ನೋಡಿದೆ. ಕಣ್ಣು ಮುಚ್ಚಿಯೇ ಇತ್ತು! ತುಟಿ ಚಪ್ಪರಿಸಿ, ತಲೆ ಆಚೆ ತಿರುಗಿಸಿ, ಮತ್ತೆ ಮಲಗಿಬಿಟ್ಟ.

ಅಂದರೆ ಅವನು ಏಳುತ್ತಿರಲಿಲ್ಲ; ನಾವು ಏಳಿಸುತ್ತಿದ್ದೆವು. ನಾವು ಎಂದರೆ ಅಮ್ಮ. ಹರಿಣಾಕ್ಷಿ ಎಂಬ ಅವಳ ಹೆಸರು ಮಲ್ಪೆ ಬಂದರಿನಲ್ಲಿ ಎಲ್ಲರಿಗೂ ಗೊತ್ತು. ಇಪ್ಪತ್ತೆಂಟು ವರ್ಷ ಬೆಳಗಿನ ಜಾವದ ಏಲಂನಲ್ಲಿ, ಹರಾಜು ಕೂಗಿ, ಮೀನು ಕೊಂಡವಳು. ಅಲ್ಲಿ ಒಂದು ಗಳಿಗೆ ತಡೆದರೆ ಒಳ್ಳೆಯ ಬಂಗುಡೆ ಬುಟ್ಟಿ ಬೇರೆಯವರ ಪಾಲು. ಮಂಡಿನೋವಿನಿಂದ ಬಂದರು ಬಿಟ್ಟರೂ ಆ ಕಿವಿ ಬಿಟ್ಟಿರಲಿಲ್ಲ. ಕಿಟ್ಟ ಮೊದಲ "ಕುಂಯ್" ಎನ್ನುವಷ್ಟರಲ್ಲಿ ಅಮ್ಮನ ಹೆಗಲ ಮೇಲಿರುತ್ತಿದ್ದ, ಪೂರ್ತಿ ಎಚ್ಚರವಾಗಿ, ಪೂರ್ತಿ ಸಿಟ್ಟಿನಿಂದ.

ಇದನ್ನು ಅಮ್ಮನಿಗೆ ಹೇಳುವವರು ಯಾರು? ಎರಡು ದಿನ ಡೈರಿಯಲ್ಲಿ ಅಭ್ಯಾಸ ಮಾಡಿದೆ.

ಶನಿವಾರ ಅಕ್ಕ ಒಂದು ಪರೀಕ್ಷೆ ಇಟ್ಟಳು. ಪಕ್ಕದ ಆನ್ಸಿಲ್ಲಾ ಬಾಯಿಯ ಮನೆಯಲ್ಲಿ ಕೂರುತ್ತೇನೆ, ಹತ್ತು ನಿಮಿಷ ಎಡೆಬಿಡದೆ ಅಳು ಕೇಳಿದರೆ ಪತ್ರ ಕಳುಹಿಸಿಯೇ ಬಿಡುತ್ತೇನೆ ಎಂದಳು.

ಕಿಟ್ಟ ಮಲಗಿ ಹದಿನೆಂಟು ನಿಮಿಷಕ್ಕೆ "ಕುಂಯ್" ಎಂದ. ಅಮ್ಮ ಎದ್ದಳು. ನಾನು ಅವಳ ಸೆರಗು ಹಿಡಿದೆ.

"ಎಂತ ಮಾರಾಯ್ತಿ, ಬಿಡು! ಮಗು ಅಳುವುದು ಕೇಳುವುದಿಲ್ವಾ?"

"ಅಮ್ಮ, ಏಲಂನಲ್ಲಿ ಮೂರು ಸಲ ಕೂಗದೆ ಬುಟ್ಟಿ ಕೊಡ್ತಾರಾ?"

"ಅದು ಹೇಗೆ ಕೊಡುವುದು?"

"ಮತ್ತೆ ನೀನು ಒಂದನೇ ಕೂಗಿಗೇ ಎತ್ತುವುದು ಎಂತಕ್ಕೆ?"

ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇವಳಿಗೆ ಬಾಯಿ ಉಂಟು ಅಂತ ಇವತ್ತು ಗೊತ್ತಾಯಿತು," ಎಂದು ತೊಟ್ಟಿಲ ಪಕ್ಕ ಕಾಲು ಚಾಚಿ ಕೂತಳು. ಕೈ ಮಾತ್ರ ತೊಟ್ಟಿಲಿನತ್ತಲೇ ಇತ್ತು.

"ಒಂದನೇ ಸಲ," ಎಂದು ಪಿಸುಗುಟ್ಟಿದಳು.

"ಕುಂಯ್."

"ಎರಡನೇ ಸಲ. ಮಾರಾಯ್ತಿ, ನನ್ನಿಂದ ಆಗುವುದಿಲ್ಲ."

"ಕಣ್ಣು ನೋಡಮ್ಮ."

ನೋಡಿದಳು. ಮುಚ್ಚಿತ್ತು. ಮೂರನೇ ಕೂಗಿಗೆ ಇಬ್ಬರೂ ಉಸಿರು ಹಿಡಿದು ಕಾದೆವು. ಅದು ಬರಲಿಲ್ಲ. ಅಮ್ಮ ಬಾಯಿಗೆ ಸೆರಗು ಒತ್ತಿ ಭುಜ ಕುಣಿಸಿ ನಕ್ಕಳು.

ಕಿಟ್ಟ ಒಂದು ಗಂಟೆ ಹತ್ತು ನಿಮಿಷ ಮಲಗಿದ. ಇನ್ನೂ ಮಲಗುತ್ತಿದ್ದನೋ ಏನೋ, ಅಷ್ಟರಲ್ಲಿ ಅಕ್ಕ ಚಪ್ಪಲಿ ಸಮೇತ ಒಳಗೆ ನುಗ್ಗಿದಳು. "ಎಂತ ಆಯ್ತು ಇವನಿಗೆ? ಅಳುವುದೇ ಕೇಳುವುದಿಲ್ಲ!"

ಅವಳ ಹಿಂದೆಯೇ ಆನ್ಸಿಲ್ಲಾ ಬಾಯಿ ಏದುಸಿರು ಬಿಡುತ್ತಾ ಬಂದರು. "ಅಳದಿದ್ದರೂ ಕಷ್ಟ ನಿನಗೆ! ನನ್ನ ಚಹಾ ಅರ್ಧ ಬಿಟ್ಟು ಓಡುವುದಾ?"

ಕಿಟ್ಟ ಈಗ ನಿಜವಾಗಿ ಎದ್ದ. ಅಳು ಸಣ್ಣಗೆ ಶುರುವಾಗಿ ಏರಿತು. ಅಕ್ಕ ಕೈ ಚಾಚಿದಳು. ಅಮ್ಮ ಅವಳನ್ನು ತಡೆದು ನನ್ನ ಕಡೆ ತಿರುಗಿದಳು. "ತಡಿ. ಇದು ಯಾವ ಅಳು ಅಂತ ಇವಳು ಹೇಳಲಿ."

ಮೂವರೂ ನನ್ನನ್ನೇ ನೋಡುತ್ತಿದ್ದರು. ನಾನು ಬಗ್ಗಿ ಕಿಟ್ಟನನ್ನು ನೋಡಿದೆ. ಕಿಟ್ಟನ ಮುಷ್ಟಿ ಬಾಯಿಯೊಳಗಿತ್ತು.

"ಹಸಿವು," ಎಂದೆ. ಎಲ್ಲರಿಗೂ ಕೇಳಿಸುವಂತೆ.

ರಾಗಿ ಮಣ್ಣಿ ತಿಂದು ಕಿಟ್ಟ ಕೇಕೆ ಹಾಕಿದ. ಅಕ್ಕ ಮೊಬೈಲು ತೆಗೆದು ಪತ್ರವನ್ನು ಅಳಿಸಿದಳು. ಆಮೇಲೆ ನನ್ನ ಡೈರಿ ಕೇಳಿದಳು. ಆ ನಾಲ್ಕು ಪುಟ ಮಾತ್ರ ತೋರಿಸಿದೆ.

ಸೋಮವಾರ ಎಂಟರ ಬಸ್ಸಿಗೆ ಅವಳು ಹೊರಟಳು. ಗೇಟಿನ ತನಕ ಹೋಗಿ ತಿರುಗಿ ಬಂದಳು, ಮತ್ತೆ ಹೋದಳು, ಮತ್ತೆ ತಿರುಗಿದಳು. ಕಣ್ಣಲ್ಲಿ ನೀರಿತ್ತು.

ಕಿಟ್ಟನನ್ನು ಎತ್ತಿಕೊಂಡಿದ್ದ ಅಮ್ಮ ಜಗಲಿಯಿಂದಲೇ ಕೂಗಿದಳು: "ಎರಡನೇ ಸಲ! ಇನ್ನೊಮ್ಮೆ ಬಂದರೆ ನಿನ್ನನ್ನೂ ಎತ್ತಿ ತೊಟ್ಟಿಲಿಗೆ ಹಾಕ್ತೇನೆ, ನೋಡು!"

ಅಕ್ಕ ನಗುತ್ತಲೇ ಬಸ್ಸಿಗೆ ಓಡಿದಳು.