ತೊಲೆ ಬಿಟ್ಟು ಮಾರಿದ ಮನೆ

"ಬಾಗಲಕ್ಕ ಕೈ ಹಚ್ಚಿ ನೋಡ್ರಿ ಮತ್ತ! ಕುರಿ ಕಾಯೋ ಕೋಲು ಐತಿ ನನ್ನ ಕೈಯಾಗ. ಅದಕ್ಕ ಸಾವಕಾರ ಯಾರು, ಬಡಿಗ್ಯಾ ಯಾರು ಅನ್ನೂದು ತಿಳಿಯೂದಿಲ್ಲ!"

ಸತ್ತೆವ್ವ ಹೊಸ್ತಿಲ ಮೇಲೆ ಕಾಲು ಅಗಲಿಸಿ ನಿಂತಿದ್ದಳು. ಎದುರಿಗೆ ಬಡಿಗೇರರಿಬ್ಬರು ಉಳಿ ಸುತ್ತಿಗೆ ಹಿಡಿದುಕೊಂಡು, ಮುಂದೆ ಬರಬೇಕೋ ಹಿಂದೆ ಸರಿಯಬೇಕೋ ತಿಳಿಯದೆ, ಮನೆ ಮಾರಿದ ಗುರುಲಿಂಗಪ್ಪನ ಮುಖ ನೋಡುತ್ತಿದ್ದರು. ಅವನ ಬೆನ್ನ ಹಿಂದೆ ಎರಡು ಖಾಲಿ ಬಂಡಿಗಳು ನಿಂತಿದ್ದವು.

"ಬಾಯಿ ಸಂಬಾಳಿಸಿ ಮಾತಾಡು ಸತ್ತೆವ್ವಾ," ಎಂದ ಗುರುಲಿಂಗಪ್ಪ. "ನಾ ಏನ್ ಕಳವು ಮಾಡಾಕ ಬಂದಿಲ್ಲ. ನನ್ನ ಕಟಗಿ ನಾ ಒಯ್ಯಾಕ ಬಂದೇನಿ."

"ನಿಮ್ಮ ಕಟಗಿ? ಮನಿ ಕೊಟ್ಟು ಹದಿನೈದ ದಿನಾ ಆತು. ಮನಿ ಬೆಲಿ ಅಂತ ಮೂವತ್ತು ಕುರಿ ಹೊಡಕೊಂಡು ಹೋದ್ರಿ. ಒಂದು ಕುಂಟ ಐತಿ ಅಂತ ತಿರುಗಿ ಬಂದು ಬದಲಿ ಮಾಡಿಸಿಕೊಂಡ್ರಿ. ಈಗ ಕಟಗಿ ನಂದು ಅಂತೀರಿ, ನಾಚಿಕಿ ಬರೂದಿಲ್ಲೇನ್ರಿ?"

"ಮನಿ ನಿಂದ ಯವ್ವಾ, ಯಾರ ಇಲ್ಲ ಅಂದಾರ? ನೆಲಾ ನಿಂದು, ಗ್ವಾಡಿ ನಿಂದು, ಹಿತ್ತಲಾ ನಿಂದು. ಕಟಗಿ ನಂದು. ತೊಲಿ, ಜಂತಿ, ಕಂಬಾ, ಬಾಗಲಾ. ಮಮದಾಪುರದಾಗ ಯಾರನ್ನ ಬೇಕಾದ್ರೂ ಕೇಳು."

ಕೇಳುವ ಮೊದಲೇ ಎದುರು ಮನೆಯ ಅಕ್ಕವ್ವ ತನ್ನ ಕಟ್ಟೆಯ ಮೇಲಿಂದ ಹೇಳಿದಳು: "ಖರೆ ಐತಿ ತಂಗಿ. ನಮ್ಮ ಊರಾಗ ಕಟಗಿ ಬ್ಯಾರೇನ ಮಾತಾಡಬೇಕು. ನೀವು ಮಾತಾಡಿರಲಿಲ್ಲೇನ?"

ಸತ್ತೆವ್ವ ತಲೆಯೆತ್ತಿ ಮೇಲಿನ ತೊಲೆಗಳನ್ನು ನೋಡಿದಳು.

ಮಾತಾಡಿರಲಿಲ್ಲ. ಮಾತಾಡಬೇಕೆಂದು ಅವರಿಗೆ ಗೊತ್ತೇ ಇರಲಿಲ್ಲ. ಆ ಕಡೆ ಎರೆಮಣ್ಣಿಗೇನೂ ಬರವಿಲ್ಲ. ಗೋಡೆ ಯಾರು ಬೇಕಾದರೂ ಎಬ್ಬಿಸಬಹುದು. ಸಾಗವಾನಿ ತೊಲೆ ಮಾತ್ರ ಘಟ್ಟದ ಅಂಚಿನಿಂದ ಬಂಡಿಯ ಮೇಲೆ ಹೇರಿಕೊಂಡು ಬರಬೇಕು. ಹೀಗಾಗಿ ಊರು ಬಿಡುವವನು ಗೋಡೆ ಬಿಟ್ಟು ಕಟ್ಟಿಗೆ ಬಿಚ್ಚಿಕೊಂಡು ಹೋಗುವುದು, ಹೆಂಗಸು ತವರಿಗೆ ಹೋಗುವಾಗ ಮೈಮೇಲಿನ ಬಂಗಾರ ಹಾಕಿಕೊಂಡು ಹೋದಷ್ಟೇ ಸಹಜವಾಗಿತ್ತು. ಊರಿನ ಎಳೆ ಹುಡುಗರಿಗೂ ಗೊತ್ತಿದ್ದ ಈ ಪದ್ಧತಿ ಇಪ್ಪತ್ತೆರಡು ವರ್ಷ ಹೊಲದಿಂದ ಹೊಲಕ್ಕೆ ರಾತ್ರಿ ಕುರಿ ತರುಬಿ ನಿಲ್ಲಿಸುತ್ತ ತಿರುಗಿದ ಸತ್ತೆವ್ವನಿಗಾಗಲಿ, ಅವಳ ಗಂಡ ಬೀರಸಿದ್ದಪ್ಪನಿಗಾಗಲಿ ಎಲ್ಲಿ ಗೊತ್ತಿರಬೇಕು? ಅವಳು ಮೂರು ಹೆತ್ತದ್ದೂ ಕಂಬಳಿಯ ಕೆಳಗೆ. ಒಂದನ್ನು ದಡ್ಡಿ ಊರಿನ ಹತ್ತಿರ ಹೊಳೆಯ ದಂಡೆಯಲ್ಲಿ ಮಣ್ಣು ಮಾಡಿದ್ದೂ ಕಂಬಳಿಯಲ್ಲಿ ಸುತ್ತಿಯೇ. ಉಳಿದೆರಡು ಹೆಣ್ಣು ಗಂಡನ ಮನೆ ಸೇರಿದ್ದವು. ದೊಡ್ಡ ಜ್ವರ ಬಂದು ಊರೂರನ್ನೇ ಅರ್ಧ ಮಾಡಿ ಹೋದ ವರ್ಷ, ಯಾರೂ ತಮ್ಮ ಕಟ್ಟೆಯ ಮೇಲೆ ಕೂಡ್ರಗೊಡದೆ ಅಟ್ಟಿದಾಗಲೇ ಅವಳು ಗಂಡನಿಗೆ ಹೇಳಿದ್ದಳು: ಸಾಯುವ ಮೊದಲು ನನಗೆ ತಲೆಯ ಮೇಲೊಂದು ಮುಚ್ಚಿಗೆ ಬೇಕು. ಅದಾಗಿ ಎಂಟನೆಯ ವರ್ಷಕ್ಕೆ ಈ ಮನೆ ಸಿಕ್ಕಿತ್ತು. ಅವಳ ಪಾಲಿಗೆ ಮನೆಯೆಂದರೆ ಮೊದಲು ಆ ಮುಚ್ಚಿಗೆ, ಗೋಡೆ ಆಮೇಲಿನದು.

ಅಷ್ಟರಲ್ಲಿ ಬೀರಸಿದ್ದಪ್ಪ ಬಂದ. ಹೆಂಡತಿಯ ಮುಖ, ಬಡಿಗೇರರ ಉಳಿ, ಖಾಲಿ ಬಂಡಿ ಎಲ್ಲವನ್ನೂ ನೋಡಿ, ಗುರುಲಿಂಗಪ್ಪನನ್ನು ಕರೆದುಕೊಂಡು ಊರ ಲೆಕ್ಕಪತ್ರ ಬರೆಯುವ ಕುಲಕರ್ಣಿಯ ಹತ್ತಿರ ಹೋದ. ಕುಲಕರ್ಣಿ ಮನೆ ಮಾರಾಟದ ಕಾಗದ ಬಿಚ್ಚಿ ಓದಿದ. ನಾಲ್ಕು ಗೋಡೆ, ಹಿಂದಿನ ಹಿತ್ತಲು, ಮುಂದಿನ ಕಟ್ಟೆ. ಕಟ್ಟಿಗೆ ಸಹಿತ ಎಂದು ಎಲ್ಲಿಯೂ ಬರೆದಿರಲಿಲ್ಲ.

"ಹೇಳಬೇಕಾಗಿತ್ತಲ್ಲರಿ," ಎಂದ ಬೀರಸಿದ್ದಪ್ಪ.

"ನೀ ಕೇಳಬೇಕಾಗಿತ್ತಲ್ಲೋ," ಎಂದ ಗುರುಲಿಂಗಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಗೋಕಾಕದಲ್ಲಿ ಅಂಗಡಿ ಕಟ್ಟಬೇಕೆಂದಿದ್ದ ಅವನಿಗೆ ಆ ತೊಲೆಗಳು ಬೇಕಾಗಿದ್ದವು, ಅಷ್ಟೇ.

ಎರಡು ದಿನದಲ್ಲಿ ಕೆಲಸ ಮುಗಿಯಿತು. ಮೇಲಿನ ಮಣ್ಣು ಧೊಪ್ಪೆಂದು ಒಳಗೆ ಬಿತ್ತು. ಅಜ್ಜನ ಕಾಲದ ಹೊಗೆ ಹಿಡಿದು ಕಪ್ಪಾದ ತೊಲೆಗಳು ಒಂದೊಂದಾಗಿ ಇಳಿದವು. ಅಂಗಡಿಯ ಜಾಗ ತಯಾರಾಗುವತನಕ ಇರಲೆಂದು ಗುರುಲಿಂಗಪ್ಪ ಅವನ್ನು ಗೌಡರ ವಾಡೆಯ ಅಂಗಳದಲ್ಲಿ ಒಟ್ಟಿಸಿದ. ಮನೆಯ ನಾಲ್ಕು ಗೋಡೆಗಳು ಬಾಯಿ ತೆರೆದುಕೊಂಡು ನಿಂತವು.

"ಹೊಲಕ್ಕ ಹೋಗೂಣು ನಡಿ," ಎಂದ ಬೀರಸಿದ್ದಪ್ಪ. "ಇಲ್ಲಿ ಇದ್ರೂ ಅಷ್ಟ, ಅಲ್ಲಿ ಇದ್ರೂ ಅಷ್ಟ. ಆಕಾಶ ಎರಡೂ ಕಡೆ ಒಂದ ಐತಿ."

"ನೀವು ಹೋಗ್ರಿ ಬೇಕಾರ. ನನ್ನ ಕುರಿ ಕೊಟ್ಟು ತೊಗೊಂಡ ನೆಲಾ ಇದು. ನಾ ಇಲ್ಲೇ ಒಲಿ ಹೂಡಾಕಿ."

ಬಿದ್ದ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ತುಂಬಿ ಹೊರಗೆ ಚೆಲ್ಲಿದಳು. ಮೂಲೆಯಲ್ಲಿ ಎರಡು ಬಡಿಗೆ ನಿಲ್ಲಿಸಿ ಕಂಬಳಿ ಕಟ್ಟಿದಳು. ಬಾಗಿಲಿದ್ದ ಕಡೆ ಜಾಲಿಮುಳ್ಳು ಒಡ್ಡಿದಳು. ನೀರಿಗೆ ಹೋಗುವ ಹೆಂಗಸರು ಸಂದಿಯಿಂದ ಇಣುಕಿ ನೋಡಿ ಕಿಸಕ್ಕೆಂದರೆ, "ಬರ್ರೆವ್ವಾ, ಒಳಗ ಬರ್ರಿ. ಮಾಳಿಗಿ ಸೋರೂದಿಲ್ಲ ನಮ್ಮದು!" ಎಂದು ಒಳಗಿನಿಂದಲೇ ಕೂಗುತ್ತಿದ್ದಳು.

ವೈಶಾಖ ಬಂತು. ಬಿತ್ತನೆಗೆ ಮೊದಲು ಹೊಲದಲ್ಲಿ ಕುರಿ ತರುಬಿಸಿ ಗೊಬ್ಬರಕ್ಕೆಂದು ಹಿಕ್ಕೆ ಬೀಳಿಸಿಕೊಳ್ಳುವ ಕಾಲ. ಪ್ರತಿ ವರ್ಷದಂತೆ ಗೌಡ ಮಾಲಿಂಗಪ್ಪನ ಆಳು ಬಂದು ಮುಳ್ಳಿನಾಚೆ ನಿಂತು ಕರೆದ: "ನಾಳೆಯಿಂದ ಗೌಡ್ರ ಬಾವಿಹೊಲದಾಗ ಹಟ್ಟಿ ಹಾಕಬೇಕಂತ."

ಸತ್ತೆವ್ವ ರೊಟ್ಟಿ ಬಡಿಯುತ್ತ ತಲೆಯನ್ನೂ ಎತ್ತಲಿಲ್ಲ. "ನಮ್ಮ ಪದ್ಧತಿ ಗೊತ್ತಿಲ್ಲೇನ ನಿಮ್ಮ ಗೌಡ್ರಿಗೆ? ಕುರಿ ಬ್ಯಾರೆ, ಹಿಕ್ಕಿ ಬ್ಯಾರೆ. ಕುರಿ ಕರೀತಾರ, ಹಿಕ್ಕಿ ಬೇಕಂತ ಯಾವತ್ತೂ ಕೇಳಿಲ್ಲ. ಹೇಳು ಹೋಗು."

ಆಳು ನಕ್ಕ. ಹೋಗಿ ಹೇಳಿದ ಮೇಲೆ ಅಲ್ಲಿ ಯಾರೂ ನಗಲಿಲ್ಲ.

ಆ ವೈಶಾಖದಲ್ಲಿ ಮಮದಾಪುರದ ಒಂದು ಹೊಲಕ್ಕೂ ಬೀರಸಿದ್ದಪ್ಪನ ಕುರಿ ಇಳಿಯಲಿಲ್ಲ. ಹಗಲು ಮೇವಿಗೆ ಮೇಲವಂಕಿಯ ಹುಲ್ಲುಗಾವಲು ಗಾಯರಾಣಕ್ಕೆ ಹೋಗಿ, ಸಂಜೆ ಸಾಲುಗಟ್ಟಿ ಓಣಿಯಲ್ಲಿ ಬಂದು ಹಿತ್ತಲಿಗೆ ನುಗ್ಗುತ್ತಿದ್ದವು. ಹಿತ್ತಲಲ್ಲಿ ಗೊಬ್ಬರ ಮೊಣಕಾಲೆತ್ತರ ಆಯಿತು. ಬೇರೆ ಕುರಿಗಾರರನ್ನು ಕರೆಸಬೇಕೆಂದು ಗೌಡ ಮೂಡಲಗಿಯ ಕಡೆ ಹೇಳಿ ಕಳಿಸಿದ. ಅವರೂ ಬೀರಸಿದ್ದಪ್ಪನಂತೆ ಬೀರದೇವರ ಒಕ್ಕಲೇ, ಬರಲಿಲ್ಲ. ಗುರುಲಿಂಗಪ್ಪನನ್ನು ಕಂಡರೆ ರೈತರು, "ನಿನ್ನ ಕಟಗೀ ಸಲವಾಗಿ ನಮ್ಮ ಜ್ವಾಳಾ ಸಾಯ್ತಾವು," ಎನ್ನತೊಡಗಿದರು. ಪದ್ಧತಿ ಪದ್ಧತಿಯೇ, ಆದರೆ ತೆನೆ ತುಂಬಬೇಕಲ್ಲ.

ರೋಹಿಣಿ ಮಳೆಯ ಮೋಡ ಒಂದೆರಡು ಸಲ ಪಡುವಲಲ್ಲಿ ಕಾಣಿಸಿಕೊಂಡ ಮೇಲೆ ಒಂದು ಮುಂಜಾನೆ ಅಕ್ಕವ್ವ ಮುಳ್ಳು ಸರಿಸಿಕೊಂಡು ತಾನಾಗಿಯೇ ಒಳಗೆ ಬಂದಳು. ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, "ನಮ್ಮ ಹೊಲದಾಗ ಎರಡು ಬೇವಿನ ಗಿಡಾ ಅದಾವು," ಎಂದಳು. "ಕಡಕೋರಿ. ಎಂಟ ದಿನಾ ನಮ್ಮಲ್ಲಿ ಕುರಿ ತರುಬ್ರಿ. ಊರವರಿಗೆ ಹೇಳಬ್ಯಾಡ್ರಿ ಅಷ್ಟ."

"ಹಸಿ ಕಟಗಿ ಅಕ್ಕಾ. ಬಾಗ್ತಾವು."

"ಬಾಗ್ಲಿ. ಸಾಗವಾನಿ ಅಲ್ಲ, ಆದ್ರ ನಿಂದಾಗ್ತೈತಿ."

ಗಂಡನಿಗೆ ಹೇಳಬೇಕೆಂದರೆ ಅವನು ಆಗಲೇ ಕುರಿ ಹೊಡೆದುಕೊಂಡು ಹೋಗಿದ್ದ. ಮಧ್ಯಾಹ್ನ ಚಾವಡಿಯಿಂದ ಅವನಿಗೆ ಕರೆ ಬಂತು; ಗಾಯರಾಣದಿಂದ ನೇರ ಅಲ್ಲಿಗೇ ಹೋದನೆಂದು ಅಕ್ಕವ್ವನೇ ಓಡಿ ಬಂದು ತಿಳಿಸಿದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಸತ್ತೆವ್ವ ಹೊರಟಳು.

ಹೆಂಗಸರು ಚಾವಡಿ ಹತ್ತುವ ರೂಢಿಯಿರಲಿಲ್ಲ. ಅವಳು ಕೆಳಗೆ ಮೆಟ್ಟಿಲ ಹತ್ತಿರ ನಿಂತಳು. ಮೇಲೆ ಪಂಚರು, ಗುರುಲಿಂಗಪ್ಪ, ನಡುವೆ ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತ ಬೀರಸಿದ್ದಪ್ಪ. ಗೌಡ ಮಾತು ಮುಗಿಸುತ್ತಿದ್ದ: "...ಹಿಂಗಾಗಿ ಗುರುಲಿಂಗಪ್ಪ ದೊಡ್ಡ ಮನಸು ಮಾಡ್ಯಾನ. ತೊಲಿ, ಬಾಗಲಾ ಎಲ್ಲಾ ತಿರುಗಿ ಕೂಡ್ರಿಸಿ ಕೊಡ್ತಾನ. ನೀ ವರ್ಷಾ ವೈಶಾಖದಾಗ ಮೊದಲ ಪಂಚರ ಹೊಲದಾಗ ಕುರಿ ತರುಬಬೇಕು, ಅದರ ಕೂಲಿ ಅಂತ ಕಾಳು ಕೇಳಬಾರದು. ಆತಿಲ್ಲೋ? ಕುಲಕರ್ಣ್ಯಾರು ಬರದಾರ. ಹೆಬ್ಬಟ್ಟು ಒತ್ತು."

ಕುಲಕರ್ಣಿ ಮಸಿ ಮುಂದಿಟ್ಟ. ಬೀರಸಿದ್ದಪ್ಪ ಪಡುವಲಿನ ಮೋಡ ನೋಡಿದ. ಹೆಂಡತಿಯನ್ನು ನೋಡಿದ. ಎರಡು ತಿಂಗಳು ಬಿಸಿಲಿಗೆ ಸುಟ್ಟು ಅವಳ ಮುಖ ಕರಕಾಗಿತ್ತು. ಅವನು ಹೆಬ್ಬೆರಳನ್ನು ಮಸಿಗೆ ಅದ್ದಿಯೇಬಿಟ್ಟ.

"ನಿಂದರ್ರಿ," ಎಂದಳು ಸತ್ತೆವ್ವ. ಮೆಟ್ಟಿಲು ಹತ್ತಿ ಬಂದು ಪಂಚರ ನಡುವೆ ನಿಂತಳು. "ಒಂದ ಮಾತು ಕೇಳ್ತೇನಿ. ಕುರುಬರು ಕೇಳಲಿಲ್ಲ ಅಂತ ಆಮ್ಯಾಲ ಅನಬಾರದಲ್ಲ, ಅದಕ್ಕ. ಆ ಕಟಗಿ ಯಾರದು ಅಂತ ಬರದೀರಿ?"

ಕುಲಕರ್ಣಿ ಕನ್ನಡಕ ಸರಿಮಾಡಿಕೊಂಡ. "ಗುರುಲಿಂಗಪ್ಪನದು ಅಂತ. ಅದು ಅವರದ ಐತೆಲ್ಲ."

"ಅವರಿಗೆ ಬೇಕಾದಾಗ?"

"ಒಯ್ತಾರ," ಎಂದ ಗೌಡ. "ಆದ್ರ ಯಾಕ ಒಯ್ತಾರ? ನೀವು ನೆಟ್ಟಗ ಇದ್ರ ಯಾರೂ ಒಯ್ಯೂದಿಲ್ಲ. ನಿನ್ನ ಚಲೋದಕ್ಕ ಹೇಳಾಕತ್ತೇನಿ. ನಾಕ ದಿನದಾಗ ಮಿರಗದ ಮಳಿ ಬಂತಂದ್ರ ಕಂಬಳಿ ಕೆಳಗ ಏನ್ ಮಾಡ್ತಿ?"

"ನೆನೀತೇನಿ. ಇಪ್ಪತ್ತೆರಡು ವರ್ಷ ನಿಮ್ಮ ಹೊಲದಾಗ ನೆನದೇನಿ, ಈ ವರ್ಷ ನನ್ನ ಮನಿಯಾಗ ನೆನೀತೇನಿ. ನೆಟ್ಟಗ ಇರೂದಂದ್ರ ಏನ್ರಿ ಗೌಡ್ರ? ನೀವು ಕೆಮ್ಮಿದಾಗೆಲ್ಲಾ ಮಾಳಿಗಿ ಮ್ಯಾಲ ನೋಡಿಕೋತ ಮಲಗೂದು? ಅದು ನನಗ ಆಗೂದಿಲ್ಲ."

"ಏ ಬೀರಸಿದ್ದಾ, ಹೆಂಡ್ತೀನ ಕೆಳಗ ಇಳಸೋ!" ಪಂಚರಲ್ಲೊಬ್ಬ ಸಿಡುಕಿದ. "ಚಾವಡಿ ಮ್ಯಾಲ ಹೆಂಗಸು ಬಂದು ಮಾತಾಡೂದಂದ್ರ..."

ಬೀರಸಿದ್ದಪ್ಪ ತನ್ನ ಕಪ್ಪು ಹೆಬ್ಬೆರಳನ್ನೇ ನೋಡುತ್ತ ಕೂತಿದ್ದ. ಬಳಿಕ ಹೆಗಲ ಮೇಲಿನ ಕಂಬಳಿಯ ಅಂಚಿನಲ್ಲಿ ಅದನ್ನು ಉಜ್ಜಿ ಉಜ್ಜಿ ಒರೆಸಿಕೊಂಡ. ಮಂಡಿಯ ಮೇಲೆ ಕೈಯೂರಿ ಎದ್ದ.

"ಹೆಂಗಸಲ್ರಿ," ಎಂದ. "ಮನೀ ಯಜಮಾನಿ."

ಸತ್ತೆವ್ವ ಆಗಲೇ ಮೆಟ್ಟಿಲಿಳಿದು ನಡೆದಿದ್ದಳು. ಅವನೂ ಇಳಿದ. "ಬೀರಸಿದ್ದಾ! ಏ, ಸಾಗವಾನಿ ಐತೋ, ನೂರು ವರ್ಷದ್ದು ಐತಿ!" ಎಂದು ಗುರುಲಿಂಗಪ್ಪ ಹಿಂದಿನಿಂದ ಕೂಗಿದ. ಗೌಡ ಆಳನ್ನು ಕಳಿಸಿದ; ಆಳು ಓಣಿಯ ತಿರುವಿನತನಕ ಬೆನ್ನು ಹತ್ತಿ ಬಂದು, ಮರಳಿ ಹೋದ.

"ಮಾಳಿಗಿಗೆ ಏನ್ ಮಾಡ್ತಿ?" ಎಂದು ಕೇಳಿದ ಬೀರಸಿದ್ದಪ್ಪ.

"ಕೊಡ್ಲಿ ಎಲ್ಲೈತಿ ಹುಡಕ್ರಿ ಮೊದಲ, ಬೇವು ಕಡಿಯೂದೈತಿ. ದಾರ್ಯಾಗ ಹೇಳ್ತೇನಿ," ಎಂದು ಅವಳು ಹೆಜ್ಜೆ ಬೀಸಿದಳು.

ಚಾವಡಿಯಲ್ಲಿ ಮಸಿ ಒಣಗುವತನಕ ಪಂಚರು ಕೂತೇ ಇದ್ದರು. ಗಂಡ ಹೆಂಡಿರಲ್ಲಿ ಒಬ್ಬರೂ ಆ ಮೆಟ್ಟಿಲನ್ನು ಮತ್ತೆ ಹತ್ತಲಿಲ್ಲ.