ನೀಲಾಂಬಿಕೆಯ ಹೆಡ್‌ಫೋನ್

ನಾನು ಒಂದು ಹೆಡ್‌ಫೋನ್. ಎರಡು ಕಿವಿಗಳ ನಡುವೆ ಒಂದು ಮೈಕ್ ಬಾಗಿಸಿ ಕಾರ್ಖಾನೆಯವರು ನನ್ನನ್ನು ಡಬ್ಬಿಗೆ ತುಂಬಿದರು. ಹುಬ್ಬಳ್ಳಿಯ ವಿರೂಪಾಕ್ಷ ಕಾಲ್ ಸೆಂಟರ್ ಕೆಲಸಕ್ಕೆಂದು ನನ್ನನ್ನು ಕೊಂಡ. ಅಲ್ಲಿ ಗಿರಾಕಿಗಳ ಬೈಗುಳ ಕೇಳಿ ಕೇಳಿ ನನ್ನ ಕಿವಿ ತೂತಾಯಿತು. ಆಮೇಲೆ ಗಂಡ ಹೆಂಡತಿ ಮೆಲ್ಬರ್ನಿಗೆ ಬಂದರು, ನಾನೂ ಬಂದೆ. ಇಲ್ಲಿ ಹೆಂಡತಿ ನೀಲಾಂಬಿಕೆಯ ಪಾಲಾದೆ.

ಊರಲ್ಲಿ ಅವಳು ಬಾಲವಾಡಿಯ ಟೀಚರ್. ಇಲ್ಲಿ ಶಿಶುವಿಹಾರದಲ್ಲಿ ಕೂಸುಗಳ ಡಯಾಪರ್ ಬದಲಿಸುವ ಆಯಾ. ಇಂಗ್ಲಿಷ್ ಪರೀಕ್ಷೆ ಪಾಸಾದರೆ ಟೀಚರ್ ಆಗಿ ಇಲ್ಲೇ ನಿಲ್ಲಬಹುದು. ಇಲ್ಲದಿದ್ದರೆ ವೀಸಾ ಮುಗಿದು ಇಬ್ಬರೂ ಗಂಟುಮೂಟೆ ಕಟ್ಟಬೇಕು.

ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ತೊಂದರೆ ಬೇರೆ. ಮನೆಯಲ್ಲಿ ಪರೀಕ್ಷೆಗೆ ಅಭ್ಯಾಸ ಮಾಡುವಾಗ ಕಂಪ್ಯೂಟರ್ ಒಂದು ಚಿತ್ರ ತೋರಿಸಿ ವಿವರಿಸು ಎನ್ನುತ್ತದೆ. ಇವಳು “ಅಮ್ಮ ಸಂತೆಯಲ್ಲಿ ಏನು ಕೊಳ್ಳುತ್ತಿದ್ದಾಳೆ?” ಎಂದು ಇಂಗ್ಲಿಷಿನಲ್ಲಿ ಕೇಳಿ, ಸುಮ್ಮನಾಗಿ, ನಗುತ್ತ ಕಾಯುತ್ತಾಳೆ. ಮಾತು ಮುಗಿಯಿತೆಂದು ಕಂಪ್ಯೂಟರ್ ಮೈಕ್ ಬಂದ್ ಮಾಡುತ್ತದೆ.

“ಯಾಕ ನಿಂತಿ? ಮಾತಾಡ!” ವಿರೂಪಾಕ್ಷ ತಲೆ ಚಚ್ಚಿಕೊಳ್ಳುತ್ತಿದ್ದ.

“ಕೇಳಿದ ಮ್ಯಾಲ ಕೂಸಿಗೆ ಉತ್ತರ ಹುಡುಕಾಕ ಹೊತ್ತು ಕೊಡಬೇಕಲ್ರೀ.”

“ಅದು ಕೂಸಲ್ಲ ಮಾರಾಯ್ತಿ, ಕಂಪ್ಯೂಟರ್!”

ಪರೀಕ್ಷೆಯಲ್ಲೂ ಅದೇ ಆಗಿ ಎರಡು ಸಲ ಫೇಲಾದಳು. ನನ್ನನ್ನು ಕಿವಿಯಿಂದ ತೆಗೆಯದೇ ಅತ್ತಳು. ಅವಳ ಬಿಕ್ಕು ನನ್ನೊಳಗೆಲ್ಲ ತುಂಬಿತು. ನಾನಾದರೂ ಏನು ಮಾಡಲಿ?

ಆಮೇಲೆ ಹಟಕ್ಕೆ ಬಿದ್ದಳು. ಅವಳು ಮಾತಿನ ನಡುವೆ ಎಲ್ಲಿ ನಿಂತರೂ ಗಂಡ ಮೇಜು ಕುಟ್ಟುತ್ತಿದ್ದ. ಕುಟ್ಟಿ ಕುಟ್ಟಿ ಅವಳ ಮಾತು ನಲ್ಲಿ ಬಿಟ್ಟಂತೆ ಸುರಿಯತೊಡಗಿತು. ಮೂರನೆಯ ಸಲ ಪಾಸಾದಳು. ಮನೆಯಲ್ಲಿ ಶಿರಾ ಮಾಡಿದರು. ನನಗೂ ಹಿಗ್ಗೋ ಹಿಗ್ಗು.

ಅಷ್ಟರಲ್ಲಿ ನನ್ನ ವೈರು ಕಿತ್ತುಹೋಗಿತ್ತು. ನೀಲಾಂಬಿಕೆ ನನ್ನನ್ನು ತನ್ನ ತರಗತಿಯ ಆಟಿಕೆ ಬುಟ್ಟಿಗೆ ಹಾಕಿದಳು. ಮಕ್ಕಳು ನನ್ನನ್ನು ತೊಟ್ಟು ವಿಮಾನ ಓಡಿಸುತ್ತಾರೆ. ಮುದಿತನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ ಎಂದುಕೊಂಡಿದ್ದೆ.

ಮೊನ್ನೆ ಮೇಯಿ ಎಂಬ ಪುಟ್ಟಿ ನನ್ನನ್ನು ತೊಟ್ಟು ಕುಳಿತಿದ್ದಳು. ಸೇರಿದಾಗಿನಿಂದ ತುಟಿ ಬಿಚ್ಚದ ಹುಡುಗಿ. ನೀಲಾಂಬಿಕೆ ಚಿತ್ರದ ಪುಸ್ತಕ ಹಿಡಿದು, “ಬಾತುಕೋಳಿ ಏನು ಮಾಡುತ್ತಿದೆ?” ಎಂದು ಕೇಳಿದಳು. ಮೇಯಿ ಉಸಿರೆಳೆದುಕೊಂಡಳು. ಅವಳ ತುಟಿ ಬಿರಿದವು.

“ಈಜುತ್ತಿದೆ!” ಎಂದಳು ನೀಲಾಂಬಿಕೆಯೇ.

ಒಂದು ಚಣ ತಡೆಯಬಾರದಿತ್ತೇ ತಾಯಿ! ಮೇಯಿ ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟು ಬಾಯಿ ಮುಚ್ಚಿಕೊಂಡಳು.

“ಜಾಣೆ!” ಎಂದು ಅವಳ ಗಲ್ಲ ತಟ್ಟಿ, ನೀಲಾಂಬಿಕೆ ಪುಟ ತಿರುವಿದಳು.